ಎರಡಕ್ಷರದ ‘ಅಪ್’: ಏರುವುದೋ, ಸಮೀಪಿಸುವುದೋ?

(ಶ್ರೀಮಠದ ಪುಣೆ ಶಾಖೆಯಲ್ಲಿ ಆರಾಧನಾ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 



ಶ್ರೀಮನ್ನ್ಯಾಯಸುಧೆಯ ಪಾಠ ಹೇಳುವ ಪಂಡಿತರು ಕುಳಿತಿರುವ ಈ ಸಭೆಯಲ್ಲಿ ಮಾತನಾಡುವ ಅರ್ಹತೆ ನನಗಿಲ್ಲ. ನಾನು ಸಿವಿಲ್ ಇಂಜಿನಿಯರಿಂಗಿನಲ್ಲಿ ಡಿಪ್ಲೊಮಾ ಮುಗಿಸಿ, ರೈಲ್ವೆ ಇಲಾಖೆ ಸೇರಿ, ಜೀವಮಾನವೆಲ್ಲ ಹಳಿಗಳ ಮೇಲೆ ನಡೆದವನು. ಶಾಸ್ತ್ರದ ವಿಷಯ ಬೇಡ, ತಮಗೆ ಗೊತ್ತಿರುವ ವಿಷಯವನ್ನೇ ಹೇಳಿ ಎಂದು ವ್ಯವಸ್ಥಾಪಕರು ಅಪ್ಪಣೆ ಕೊಡಿಸಿದ್ದರಿಂದ ಧೈರ್ಯ ಬಂದಿದೆ. ಆದ್ದರಿಂದ ನನ್ನ ವೃತ್ತಿಯಲ್ಲಿ ಪ್ರತಿದಿನ ಕಿವಿಗೆ ಬೀಳುತ್ತಿದ್ದ, ಇಂಗ್ಲಿಷಿನ ಎರಡೇ ಅಕ್ಷರಗಳ ಒಂದು ಪದವನ್ನು ತಮ್ಮ ಮುಂದಿಡುತ್ತೇನೆ. ಅದು ‘ಅಪ್’.

ಈ ವಿಷಯ ಹೊಳೆದದ್ದು ನನ್ನ ಮೊಮ್ಮಗನಿಂದ. ಕಳೆದ ದೀಪಾವಳಿಗೆ ಬಂದವನು ಮನೆಯೊಳಗೆ ಕಾಲಿಡುತ್ತಲೇ, “ವಾಟ್ಸ್ ಅಪ್, ಅಜ್ಜಾ?” ಎಂದ. ನಾನು ತಮಾಷೆಗಾಗಿ ಛಾವಣಿಯ ಕಡೆ ನೋಡಿ, “ಫ್ಯಾನು ಇದೆಯಪ್ಪಾ” ಎಂದೆ. ಅವನು ನಕ್ಕ. ಆಮೇಲೆ, “ಹಾಗಾದರೆ ಅಲ್ಲಿ ‘ಅಪ್’ ಯಾಕೆ ಇದೆ ಅಜ್ಜಾ?” ಎಂದು ಕೇಳಿದ. ನನಗೆ ಉತ್ತರ ತಿಳಿಯಲಿಲ್ಲ.

ನಿಘಂಟಿನ ಪ್ರಕಾರ ‘ಅಪ್’ ಎಂದರೆ ಮೇಲೆ, ಮೇಲಕ್ಕೆ. ಆದರೆ ನಮ್ಮ ಮನೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಈ ಪದ ಮಾಡುವ ಕೆಲಸಗಳನ್ನು ಎಣಿಸಿ ನೋಡಿ. ಮಕ್ಕಳನ್ನು ‘ಗೆಟ್ ಅಪ್’ ಎಂದು ಎಬ್ಬಿಸುತ್ತೇವೆ. ಇಲ್ಲಿ ಮೇಲೇಳುವ ಅರ್ಥ ಉಂಟು. ಗಲಾಟೆ ಮಾಡಿದರೆ ‘ಶಟ್ ಅಪ್’ ಎನ್ನುತ್ತೇವೆ. ಇಲ್ಲಿ ಮೇಲೆ ಹೋಗುವುದು ಯಾವುದೂ ಇಲ್ಲ. ವೈದ್ಯರ ಬಳಿ ಚೆಕಪ್, ಮದುವೆಯಲ್ಲಿ ಮೇಕಪ್, ಕಂಪ್ಯೂಟರಿಗೆ ಬ್ಯಾಕಪ್, ಎಂಜಿನಿಯರ್ ಮಗನಿಗೆ ಸ್ಟಾರ್ಟಪ್. ‘ಗಿವ್’ ಎಂದರೆ ಕೊಡು. ‘ಗಿವ್ ಅಪ್’ ಎಂದರೆ ಬಿಟ್ಟುಬಿಡು. ಬೆಲೆ ‘ಅಪ್’ ಆದರೆ ಏರಿತೆಂದು ಅರ್ಥ, ‘ಟೈಮ್ ಈಸ್ ಅಪ್’ ಎಂದರೆ ಸಮಯ ಮುಗಿಯಿತೆಂದು ಅರ್ಥ. ಯಾವ ತೀರ್ಮಾನವನ್ನೂ ತೆಗೆದುಕೊಳ್ಳಲು ಮನಸ್ಸಿಲ್ಲದವರು ‘ಇಟ್ ಈಸ್ ಅಪ್ ಟು ಯೂ’ ಎಂದು ಭಾರವನ್ನು ನಮ್ಮ ತಲೆಗೆ ಹಾಕುತ್ತಾರೆ.

ಇದನ್ನು ಕಂಡು ಇಂಗ್ಲಿಷರಿಗೆ ವ್ಯವಸ್ಥೆಯಿಲ್ಲವೆಂದು ನಗಬೇಕಾಗಿಲ್ಲ. ನಮ್ಮ ‘ಮೇಲೆ’ ಎಂಬ ಪದವನ್ನೇ ನೋಡಿ. ಪುಸ್ತಕ ಮೇಜಿನ ಮೇಲೆ ಇರುತ್ತದೆ. ಕೋಪ ಮಗನ ಮೇಲೆ ಇರುತ್ತದೆ. ಊಟವಾದ ಮೇಲೆ ತಾಂಬೂಲ ಬರುತ್ತದೆ. ಮೊದಲನೆಯದು ಸ್ಥಳ, ಎರಡನೆಯದು ಗುರಿ, ಮೂರನೆಯದು ಕಾಲ. ಇನ್ನು ‘ಡ್ರಿಂಕ್’ ಮತ್ತು ‘ಡ್ರಿಂಕ್ ಅಪ್’ ಇವುಗಳ ವ್ಯತ್ಯಾಸ ಪರದೇಶದವರಿಗೆ ಕಷ್ಟವಾಗಬಹುದು, ಕನ್ನಡಿಗರಿಗೆ ಸುಲಭ. ‘ಹಾಲು ಕುಡಿ’ ಎಂದರೆ ಒಂದು ಮಾತು. ‘ಹಾಲು ಕುಡಿದುಬಿಡು’ ಎಂದರೆ ಲೋಟ ಖಾಲಿಯಾಗಬೇಕು. ಕ್ರಿಯೆಯನ್ನು ಪೂರ್ತಿಗೊಳಿಸಲು ಅವರು ‘ಅಪ್’ ಸೇರಿಸುತ್ತಾರೆ, ನಾವು ‘ಬಿಡು’ ಸೇರಿಸುತ್ತೇವೆ. ಕುಡಿದುಬಿಡು ಎಂದಾಗ ಯಾರೂ ಲೋಟವನ್ನು ಕೈಬಿಡುವುದಿಲ್ಲ!

ಈಗ ನನ್ನ ವೃತ್ತಿಗೆ ಬರುತ್ತೇನೆ. ರೈಲ್ವೆಯಲ್ಲಿ ‘ಅಪ್’ ಮತ್ತು ‘ಡೌನ್’ ಎಂಬ ಪದಗಳಿಗೆ ಎತ್ತರದೊಡನೆ ಯಾವ ಸಂಬಂಧವೂ ಇಲ್ಲ. ಬ್ರಿಟನ್ನಿನಲ್ಲಿ ರೈಲು ಪ್ರಾರಂಭವಾದಾಗ ಸಾಮಾನ್ಯವಾಗಿ ಲಂಡನ್ ಕಡೆಗೆ ಹೋಗುವ ದಿಕ್ಕು ‘ಅಪ್’, ಲಂಡನ್ನಿನಿಂದ ಹೊರಗೆ ಹೋಗುವ ದಿಕ್ಕು ‘ಡೌನ್’ ಎಂದಾಯಿತು. ಎಡಿನ್‌ಬರೋ ನಗರ ಭೂಪಟದಲ್ಲಿ ಲಂಡನ್ನಿಗಿಂತ ಎಷ್ಟೋ ಮೇಲಿದೆ. ಆದರೂ ಅಲ್ಲಿಗೆ ಹೋಗುವ ಗಾಡಿ ಡೌನ್ ಗಾಡಿಯೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವುದನ್ನು ‘ಗೋಯಿಂಗ್ ಅಪ್’ ಎಂದೂ, ತಪ್ಪು ಮಾಡಿದವನನ್ನು ಹೊರಹಾಕುವುದನ್ನು ‘ಸೆಂಡಿಂಗ್ ಡೌನ್’ ಎಂದೂ ಅವರು ಹೇಳುವ ಪದ್ಧತಿ ಇದಕ್ಕೆ ಹತ್ತಿರದ್ದು. ಯಾವುದನ್ನು ಮುಖ್ಯವೆಂದು ಎಣಿಸಿದ್ದಾರೋ ಅದರ ಕಡೆಗೆ ಹೋಗುವುದೇ ‘ಅಪ್’.

1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿತು. ಅಲ್ಲಿಂದ ಬೆಳೆದ ಮಾರ್ಗಗಳಲ್ಲಿ ಮುಂಬಯಿಯ ಕಡೆಗೆ ಬರುವುದು ಅಪ್, ಮುಂಬಯಿ ಬಿಟ್ಟು ಹೋಗುವುದು ಡೌನ್. ಇದರ ವಿಚಿತ್ರವನ್ನು ಪುಣೆಯ ನಮ್ಮ ಜನರಷ್ಟು ಚೆನ್ನಾಗಿ ಬೇರಾರೂ ಕಾಣಲಾರರು. 1863ರಲ್ಲಿ ತೆರೆದ ಭೋರ್ ಘಾಟಿನ ಹಾದಿ ತಮಗೆಲ್ಲ ಪರಿಚಿತ. ಕರ್ಜತ್‌ನಿಂದ ಲೋಣಾವಳದವರೆಗೆ ಸುಮಾರು 28 ಕಿಲೋಮೀಟರು. ಅತ್ಯಂತ ಕಡಿದಾದ ಕಡೆ 37 ಅಡಿ ಮುಂದೆ ಹೋದರೆ 1 ಅಡಿ ಏರು. ಮುಂಬಯಿಯಿಂದ ಬರುವ ಡೌನ್ ಗಾಡಿಗೆ ಕರ್ಜತ್‌ನಲ್ಲಿ ಹಿಂದಿನಿಂದ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸಿ ಘಟ್ಟದ ಮೇಲಕ್ಕೆ ತಳ್ಳುತ್ತಾರೆ. ಬೆಳಿಗ್ಗೆ ಪುಣೆಯಿಂದ ಹೊರಡುವ ಡೆಕ್ಕನ್ ಕ್ವೀನ್ ಅಪ್ ಗಾಡಿ. ಅದು ಹೋಗುವುದು ಘಟ್ಟದ ಕೆಳಕ್ಕೆ. ಹೀಗೆ ನಮ್ಮಲ್ಲಿ ಡೌನ್ ಗಾಡಿ ಏರುತ್ತದೆ, ಅಪ್ ಗಾಡಿ ಇಳಿಯುತ್ತದೆ. ಕಸಾರಾದಿಂದ ಇಗತ್‌ಪುರಿಗೆ ಹೋಗುವ ಥಳ್ ಘಾಟಿನಲ್ಲಿಯೂ ಇದೇ ಕಥೆ. ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಅಪಾಯವಾದ್ದರಿಂದ, ಇಳಿಯುವ ಗಾಡಿಗಳು ನಿಗದಿಯಾದ ಕಡೆಗಳಲ್ಲಿ ನಿಂತು, ಬ್ರೇಕ್ ಹಿಡಿತದಲ್ಲಿದೆಯೆಂದು ತೋರಿಸಿಯೇ ಮುಂದೆ ಹೋಗಬೇಕು.

ಇದೆಲ್ಲವನ್ನೂ ನಾನು ತರಬೇತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಒಮ್ಮೆ ಎಡವಿದೆ. ಆ ಸಂಗತಿಯನ್ನು ಇದುವರೆಗೆ ಯಾವ ಸಭೆಯಲ್ಲಿಯೂ ಹೇಳಿಲ್ಲ. ಶ್ರೀಮಠದಲ್ಲಿ ಹೇಳಿ ಮನಸ್ಸನ್ನು ಹಗುರಮಾಡಿಕೊಳ್ಳುತ್ತೇನೆ.

ಅದು 1983ರ ಮಳೆಗಾಲ. ಬಯಲುಸೀಮೆಯಿಂದ ಒಂದು ಘಟ್ಟದ ವಿಭಾಗಕ್ಕೆ ವರ್ಗವಾಗಿ ಬಂದು ನಾಲ್ಕನೆಯ ದಿನ. ಸಂಜೆ ಗ್ಯಾಂಗಿನವರೊಡನೆ ಹಳಿ ನೋಡುತ್ತ ಹೋಗುತ್ತಿದ್ದಾಗ, ನಮ್ಮ ಕಣ್ಣೆದುರಿಗೇ ಒಂದು ಬಂಡೆ ಮಣ್ಣಿನ ಸಮೇತ ಜಾರಿ ಅಪ್ ಲೈನಿನ ಮೇಲೆ ಬಿತ್ತು. ಡೌನ್ ಲೈನಿನ ಅಂಚಿಗೂ ಕಲ್ಲುಗಳು ಬಂದವು. ನಿಲ್ದಾಣಕ್ಕೆ ತಿಳಿಸೋಣವೆಂದರೆ ಮಳೆಗೆ ಟೆಲಿಫೋನು ಸತ್ತಿತ್ತು. ಇಂತಹ ಸಮಯದಲ್ಲಿ ನಿಯಮ ಸ್ಪಷ್ಟವಾಗಿದೆ. ಗಾಡಿ ಬರುವ ದಿಕ್ಕಿಗೆ ಕೆಂಪು ದೀಪ ಹಿಡಿದು ಓಡಬೇಕು. 1200 ಮೀಟರು ದೂರದಲ್ಲಿ, ಹತ್ತು ಹತ್ತು ಮೀಟರಿಗೆ ಒಂದರಂತೆ ಮೂರು ಡಿಟೊನೇಟರುಗಳನ್ನು ಹಳಿಗೆ ಕಟ್ಟಬೇಕು. ಗಾಲಿಗೆ ಸಿಕ್ಕಿ ಅವು ಸಿಡಿದ ಸದ್ದು ಕೇಳಿ ಚಾಲಕ ಗಾಡಿಯನ್ನು ನಿಲ್ಲಿಸುತ್ತಾನೆ. ಅಪ್ ಲೈನಿನಲ್ಲಿ ಪ್ರಯಾಣಿಕರ ಗಾಡಿಯೊಂದು ಬರುವ ವೇಳೆ ಹತ್ತಿರವಾಗಿತ್ತು.

ನಾನು ಡಿಟೊನೇಟರುಗಳ ಡಬ್ಬಿ ತೆಗೆದುಕೊಂಡು ಇಳಿಜಾರಿನ ಕಡೆಗೆ ಓಡತೊಡಗಿದೆ. ಅಪ್ ಗಾಡಿ ಎಂದರೆ ಮೇಲಕ್ಕೆ ಹೋಗುವ ಗಾಡಿ, ಆದ್ದರಿಂದ ಅದು ಕೆಳಗಿನಿಂದ ಬರಬೇಕು ಎಂದು ಗಾಬರಿಯಲ್ಲಿ ನನ್ನ ಬುದ್ಧಿ ಲೆಕ್ಕ ಹಾಕಿತ್ತು. ಕಲಿತ ವಿದ್ಯೆ ಆ ಕ್ಷಣದಲ್ಲಿ ಮರೆಯಾಗಿ, ಪದದ ಮೇಲ್ನೋಟದ ಅರ್ಥವೊಂದೇ ಉಳಿದಿತ್ತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಗ್ಯಾಂಗಿನ ಮುಕಾದಮರು ನನ್ನ ತೋಳನ್ನು ಬಲವಾಗಿ ಹಿಡಿದು, “ಸಾಹಬ್, ಅಪ್ ಗಾಡೀ ಊಪರ್ ಸೇ ಆತೀ ಹೈ” ಎಂದರು. ಅಪ್ ಗಾಡಿ ಮೇಲಿನಿಂದ ಬರುತ್ತದೆ! ಅಷ್ಟು ಹೇಳಿ, ನನ್ನ ಕೈಯಿಂದ ಡಬ್ಬಿಯನ್ನು ಕಿತ್ತುಕೊಂಡು, ಐವತ್ತು ದಾಟಿದ ಆ ಮನುಷ್ಯ ಮಳೆಯಲ್ಲಿ ಏರಿನ ಕಡೆಗೆ ಓಡಿದರು. ನಾನು ಹಿಂದಿನಿಂದ ಓಡಿದೆ. ಇನ್ನೊಬ್ಬನನ್ನು ಅವರು ಆಗಲೇ ಡೌನ್ ಗಾಡಿಯನ್ನು ತಡೆಯಲು ಕೆಳಕ್ಕೆ ಕಳುಹಿಸಿದ್ದರು. ಡಿಟೊನೇಟರು ಕಟ್ಟಿ ಸ್ವಲ್ಪ ಹೊತ್ತಿಗೆಲ್ಲ ಗಾಡಿ ಬಂತು. ಮೂರು ಸದ್ದುಗಳಾದವು. ಗಾಡಿ ನಿಂತಿತು. ಒಳಗಿದ್ದವರಲ್ಲಿ ಎಷ್ಟೋ ಜನ, ಮತ್ತೆ ತಡವಾಯಿತಲ್ಲ ಎಂದು ನಮ್ಮನ್ನು ಬೈದಿರಬಹುದು.

ತಪ್ಪಿನ ಎರಡನೆಯ ಭಾಗ ಇನ್ನು ಮುಂದಿದೆ. ಮರುದಿನ ನಾನು ಇಂಗ್ಲಿಷಿನಲ್ಲಿ ವರದಿ ಬರೆದೆ. ‘ಸಕಾಲದಲ್ಲಿ ಮಾರ್ಗಕ್ಕೆ ರಕ್ಷಣೆ ಒದಗಿಸಲಾಯಿತು’ ಎಂಬುದು ಅದರ ಸಾರ. ಒದಗಿಸಿದವರು ಯಾರು, ಮೊದಲು ಯಾರು ಯಾವ ದಿಕ್ಕಿಗೆ ಓಡಿದರು ಎಂಬುದನ್ನು ಬರೆಯಲಿಲ್ಲ. ಸುಳ್ಳೇನೂ ಬರೆದಿರಲಿಲ್ಲ, ಕರ್ತೃವಿಲ್ಲದ ವಾಕ್ಯವೊಂದರ ಹಿಂದೆ ಅಡಗಿಕೊಂಡಿದ್ದೆ. ಒಂದು ತಿಂಗಳ ನಂತರ ಮೆಚ್ಚುಗೆಯ ಪತ್ರ ಬಂತು, ನನ್ನ ಹೆಸರಿಗೆ. ಅದನ್ನು ಹಿಡಿದು ಮುಕಾದಮರ ಬಳಿಗೆ ಹೋದೆ. ಅವರಿಗೆ ಓದಲು ಬಾರದು. ನಾನೇ ಓದಿ ಅರ್ಥ ಹೇಳಿದೆ. “ಅಚ್ಛಾ ಹೈ, ಸಾಹಬ್” ಎಂದು ನಕ್ಕು, ಸುತ್ತಿಗೆ ಎತ್ತಿಕೊಂಡು ಸಡಿಲವಾಗಿದ್ದ ಕೀಲಿಗಳನ್ನು ಬಿಗಿಮಾಡಲು ಹೊರಟುಹೋದರು. ಅವರು ಬೈದಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ. ಮೇಲಧಿಕಾರಿಗಳ ಬಳಿಗೆ ಹೋಗಿ ನಿಜ ಹೇಳುವ ಧೈರ್ಯ ನನಗೆ ಆಗ ಬರಲಿಲ್ಲ. ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೆ ಧೈರ್ಯ ಬಂದು ಪ್ರಯೋಜನವೂ ಇರಲಿಲ್ಲ.

ಅಂದಿನಿಂದ ನಿವೃತ್ತಿಯವರೆಗೆ ನಾನು ಒಂದು ನಿಯಮ ಇಟ್ಟುಕೊಂಡೆ. ಹೊಸದಾಗಿ ಬಂದ ಯಾವ ಇಂಜಿನಿಯರನನ್ನೂ ಮೊದಲ ದಿನವೇ ಹಳಿಯ ನಡುವೆ ನಿಲ್ಲಿಸಿ, “ಅಪ್ ಗಾಡಿ ಎಲ್ಲಿಂದ ಬರುತ್ತದೆ? ಕೈ ಮಾಡಿ ತೋರಿಸು” ಎನ್ನುತ್ತಿದ್ದೆ. ಬಾಯಿಯ ಉತ್ತರ ಬೇಡ, ಕೈಯ ಉತ್ತರ ಬೇಕು. ಇಬ್ಬರು ಸ್ಟೇಷನ್ ಮಾಸ್ತರರು ಗಾಡಿಯ ವಿಷಯದಲ್ಲಿ ಮಾತನಾಡಿಕೊಂಡಾಗ, ಮಾತಿಗೆ ಭದ್ರತೆಯಾಗಿ ಪ್ರೈವೇಟ್ ನಂಬರನ್ನು ಕೊಟ್ಟು ಬರೆದುಕೊಳ್ಳುವ ಪದ್ಧತಿ ಇದೆ. ಹೇಳಿದವನ ಮನಸ್ಸಿನಲ್ಲಿದ್ದದ್ದೇ ಕೇಳಿದವನ ಮನಸ್ಸಿಗೂ ತಲುಪಿತೇ ಎಂದು ಪರೀಕ್ಷಿಸದಿದ್ದರೆ ಮಾತು ಅಪಾಯಕಾರಿ ಎಂಬುದನ್ನು ರೈಲ್ವೆಯವರು ಪ್ರಾಣಗಳನ್ನು ತೆತ್ತು ಕಲಿತಿದ್ದಾರೆ.

ನಿವೃತ್ತಿಯ ನಂತರ ಬಿಡುವಾಗಿ ಈ ಪದದ ಮೂಲವನ್ನು ಹುಡುಕಿದಾಗ ನನಗೊಂದು ಸಂತೋಷ ಕಾದಿತ್ತು. ಭಾಷಾಶಾಸ್ತ್ರಜ್ಞರ ಪ್ರಕಾರ ಇಂಗ್ಲಿಷಿನ ‘ಅಪ್’ ಮತ್ತು ನಮ್ಮ ಸಂಸ್ಕೃತದ ‘ಉಪ’ ಒಂದೇ ಮೂಲದ ಪದಗಳು. ‘ಉಪರಿ’ ಅದೇ ಕುಟುಂಬದ್ದು. ಆ ಉಪರಿಯಿಂದಲೇ ಹಿಂದಿಯ ‘ಊಪರ್’ ಬಂದದ್ದು. ಅಂದು ಮಳೆಯಲ್ಲಿ ಮುಕಾದಮರು ಬೇರೆ ಬೇರೆ ಮಾಡಿ ತೋರಿಸಿದ ‘ಅಪ್’ ಮತ್ತು ‘ಊಪರ್’ ದೂರದ ದಾಯಾದಿಗಳೇ!

‘ಉಪ’ ಎಂಬ ಉಪಸರ್ಗಕ್ಕೆ ಸಂಸ್ಕೃತದಲ್ಲಿ ಹಲವು ಅರ್ಥಗಳಿದ್ದರೂ ಮುಖ್ಯವಾದುದು ‘ಸಮೀಪ’ ಎಂಬುದು. ವಟುವನ್ನು ಗುರುಗಳ ಸಮೀಪಕ್ಕೆ ಕರೆದೊಯ್ಯುವುದು ಉಪನಯನ. ಸಮೀಪದಲ್ಲಿ ಕುಳಿತು ಧ್ಯಾನಿಸುವುದು ಉಪಾಸನೆ. ಏಕಾದಶಿಯ ದಿನ ನಾವು ಮಾಡುವುದು ಉಪವಾಸ. ಊಟ ಬಿಡುವುದಷ್ಟೇ ಅದಲ್ಲ, ಭಗವಂತನ ಸಮೀಪದಲ್ಲಿ ವಾಸಿಸುವುದು ಎಂದು ಹಿರಿಯರು ವಿವರಿಸುತ್ತಾರೆ. ಮೇಲು ಎಂಬ ಅರ್ಥಕ್ಕೆ ಸಂಸ್ಕೃತದಲ್ಲಿ ‘ಉತ್’ ಎಂಬ ಬೇರೆ ಉಪಸರ್ಗವೇ ಇದೆ. ಉತ್ ಎಂಬುದಕ್ಕೆ ‘ತರ’ ಸೇರಿ ಉತ್ತರ, ‘ತಮ’ ಸೇರಿ ಉತ್ತಮ. ಆ ತರ–ತಮಗಳಿಂದಲೇ ನಮ್ಮ ಸಿದ್ಧಾಂತದ ‘ತಾರತಮ್ಯ’ ಎಂಬ ಪದ ಹುಟ್ಟಿತು. ಯಾರು ಎಷ್ಟು ಎತ್ತರದಲ್ಲಿದ್ದಾರೆಂಬುದು ‘ಉತ್’ ಹೇಳುವ ವಿಷಯ. ಯಾರು ಯಾರ ಕಡೆಗೆ ಹೋಗುತ್ತಿದ್ದಾರೆಂಬುದು ‘ಉಪ’ ಹೇಳುವ ವಿಷಯ. ಈ ವಿವೇಚನೆಯಲ್ಲಿ ತಪ್ಪಿದ್ದರೆ ವೇದಿಕೆಯ ಮೇಲಿನ ವಿದ್ವಾಂಸರು ತಿದ್ದಬೇಕಾಗಿ ಪ್ರಾರ್ಥನೆ.

ಹಾಗೆ ನೋಡಿದರೆ ರೈಲ್ವೆಯ ‘ಅಪ್’ ತನ್ನ ಹಳೆಯ ಬಂಧುವಾದ ‘ಉಪ’ದ ಗುಣವನ್ನೇ ಉಳಿಸಿಕೊಂಡಿದೆ. ದಾರಿ ಏರಿರಲಿ ಇಳಿದಿರಲಿ, ಗಾಡಿ ಕೇಂದ್ರದ ಸಮೀಪಕ್ಕೆ ಹೋಗುತ್ತಿದ್ದರೆ ಅದು ಅಪ್. ನಮ್ಮ ಬಾಳಿನಲ್ಲಿ ಹುದ್ದೆ ಏರಿತು, ಸಂಬಳ ಏರಿತು, ಮನೆ ಹನ್ನೆರಡನೆಯ ಅಂತಸ್ತಿಗೆ ಹೋಯಿತು. ಇವೆಲ್ಲ ಏರುಗಳೇ ನಿಜ. ಆದರೆ ಗಾಡಿ ಕೇಂದ್ರದಿಂದ ದೂರ ಸಾಗುತ್ತಿದ್ದರೆ, ಘಟ್ಟವನ್ನು ಎಷ್ಟೇ ಏರಿದರೂ ಅದು ಡೌನ್ ಗಾಡಿ. ಆ ಮೆಚ್ಚುಗೆಯ ಪತ್ರ ಬಂದ ದಿನ ನಾನು ಏರಿದ್ದೆನೆಂದು ಎಲ್ಲರೂ ತಿಳಿದರು. ಯಾವ ದಿಕ್ಕಿಗೆ ಹೋಗುತ್ತಿದ್ದೆನೆಂಬುದು ನನಗೆ ಮಾತ್ರ ತಿಳಿದಿತ್ತು.

ಮೊಮ್ಮಗನಿಗೆ ಕೊಡಬೇಕಾದ ಉತ್ತರ ಇನ್ನೂ ಬಾಕಿ ಇದೆ. ಮುಂದಿನ ಬಾರಿ ಅವನು “ವಾಟ್ಸ್ ಅಪ್?” ಎಂದರೆ ಮೇಲೆ ನೋಡುವುದಿಲ್ಲ. ಅವನನ್ನು ಹತ್ತಿರ ಕೂಡಿಸಿಕೊಂಡು, ಮುಕಾದಮರ ಕಥೆಯನ್ನು ಹೇಳುತ್ತೇನೆ.



ಶ್ರೀಕೃಷ್ಣಾರ್ಪಣಮಸ್ತು.