ಹಲ್ಲು ನೋಡಿ ವಯಸ್ಸು ಹೇಳುವ ಹುಡುಗ



ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಗೆ ಅಪ್ಪಂದಿರ ಜೊತೆ ಹೈಸ್ಕೂಲು ಹುಡುಗರೂ ಬರುತ್ತಾರೆ. ಹಳ್ಳಿಕಾರ್ ಹೋರಿಯ ತುಟಿ ಸರಿಸಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದು ಥಟ್ಟನೆ ಹೇಳುತ್ತಾರೆ. ಎರಡು ಹಲ್ಲೆಂದರೆ ಸುಮಾರು ಎರಡು ವರ್ಷ. ಎಂಟೂ ಬಂದು ಬಾಯಿಗೂಡಿದರೆ ನಾಲ್ಕೈದು. ಪಶುವೈದ್ಯಕೀಯ ಕಾಲೇಜಿನಲ್ಲೂ ಇದೇ ಪಾಠ. ಆದರೆ ಮುಂದೇನು ಓದುತ್ತೀಯಪ್ಪಾ ಅಂದರೆ, ‘ಫ್ರೆಂಡ್ಸೆಲ್ಲ ಎಲ್ಲಿ ಸೇರ್ತಾರೋ ಅಲ್ಲಿಗೇ ಸಾರ್’ ಎಂಬ ಉತ್ತರ.

ವೃತ್ತಿ ಮಾರ್ಗದರ್ಶನ ನಮ್ಮಲ್ಲಿ ಹೆಚ್ಚಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿನ ಒಂದು ಭಾಷಣ. ಹಾರ, ಶಾಲು, ವಂದನಾರ್ಪಣೆ, ಮುಗಿಯಿತು. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟವನಿಗೆ ಹಾಸನದ ಪಶುವೈದ್ಯಕೀಯ ಕಾಲೇಜು ಸಿಗುವುದಿಲ್ಲ ಎಂಬುದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಪಶುವೈದ್ಯಕೀಯ ಕೋರ್ಸಿನಲ್ಲಿ ರೈತರ ಮಕ್ಕಳಿಗೇ ಮೀಸಲಾದ ಸೀಟುಗಳಿವೆ. ಬಿ.ಎಸ್ಸಿ. ಕೃಷಿಗೂ ಇವೆ. ಕೃಷಿಯ ಆ ಸೀಟುಗಳಿಗೊಂದು ಪ್ರಾಯೋಗಿಕ ಪರೀಕ್ಷೆ: ಎದುರಿಗಿಟ್ಟ ಬೀಜ, ಬೆಳೆ, ಗೊಬ್ಬರ, ಸಲಕರಣೆ ಗುರುತಿಸಬೇಕು. ಹೊಲದಲ್ಲಿ ಬೆಳೆದ ಹುಡುಗನಿಗೆ ಟ್ಯೂಷನ್ ಬೇಕಿಲ್ಲದ ಪರೀಕ್ಷೆ ಬಹುಶಃ ಇದೊಂದೇ. ಅಷ್ಟು ದೂರ ಓದಲಾಗದವರಿಗೆ ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ.

ಇದನ್ನು ಒಂಬತ್ತನೇ ತರಗತಿಯಲ್ಲೇ ಹೇಳಬೇಕು. ಊರಿನ ಪಶು ಆಸ್ಪತ್ರೆಯ ಡಾಕ್ಟರನ್ನು ಒಂದು ಪೀರಿಯಡ್ಡಿಗೆ ಕರೆಸಿದರೂ ಸಾಕು, ಖರ್ಚೇನೂ ಇಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಹಾಲು ಕರೆಯುವುದು, ಕರುವಿಗೆ ಭೇದಿಯಾದದ್ದನ್ನು ಮೊದಲು ಗಮನಿಸುವುದು ಹೆಚ್ಚಾಗಿ ಹೆಣ್ಣುಮಕ್ಕಳೇ. ಡಾಕ್ಟರು ಬಂದ ದಿನ ಆ ಹುಡುಗಿಯರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ.