ನೆಗಡಿ ಎದೆಗೆ ಇಳಿಯುವುದೇಕೆ?



ಇವತ್ತು ನಾವು ಉಬ್ಬಸದ ವಿಷಯ ಮಾತಾಡೋಣ. ಇದನ್ನೇ ದಮ್ಮು ಅಂತೀವಿ, ಗೂರಲು ಅಂತೀವಿ. ಡಾಕ್ಟರು ಅಸ್ತಮಾ ಅಂತಾರೆ.

ಒಂದು ಮನೆಯಲ್ಲಿ ಎಲ್ಲರಿಗೂ ನೆಗಡಿ ಆಗುತ್ತದೆ. ಉಳಿದವರಿಗೆ ಕೆಲವೇ ದಿನದಲ್ಲಿ ವಾಸಿ. ಉಬ್ಬಸ ಇರೋ ಸೊಸೆಗೆ ಮಾತ್ರ ಅದು ಎದೆಗೆ ಇಳಿಯುತ್ತದೆ. ಕೆಮ್ಮು, ಸುಯ್ ಸುಯ್ ಸದ್ದು. ರಾತ್ರಿಯೆಲ್ಲಾ ಎದ್ದು ಕೂರಬೇಕು. ‘ಅವಳ ಹಣೆಬರಹ’ ಅಂದುಬಿಡುತ್ತೇವೆ. ಇದು ಹಣೆಬರಹ ಅಲ್ಲ. ಇದಕ್ಕೆ ಕಾರಣ ಇದೆ.

ನಮ್ಮ ಎದೆಯೊಳಗೆ ಎರಡು ಶ್ವಾಸಕೋಶ ಇವೆ. ಉಸಿರು ಓಡಾಡಲು ಕೊಳವೆಗಳಿವೆ. ಮರದ ಕೊಂಬೆಯ ಹಾಗೆ ಅವು ಕವಲೊಡೆಯುತ್ತಾ ಸಣ್ಣದಾಗುತ್ತವೆ. ಉಸಿರಿನ ಜೊತೆ ದೂಳು ಬರುತ್ತದೆ, ರೋಗಾಣುವೂ ಬರುತ್ತದೆ. ಅವನ್ನು ತಡೆಯಲು ದೇಹದಲ್ಲಿ ಕಾವಲು ಪಡೆ ಇದೆ.

ಹೊಲ ಕಾಯುವವನನ್ನು ನೆನೆಯಿರಿ. ಒಂದು ಗುಬ್ಬಿ ಬಂದರೂ ಕೂಗಾಡ್ತಾನೆ, ಕವಣೆ ಬೀಸ್ತಾನೆ. ಅಷ್ಟರಲ್ಲಿ ಆ ಕಡೆಯಿಂದ ಹಂದಿ ನುಗ್ಗುತ್ತದೆ. ಅಲರ್ಜಿ ಅಂದರೆ ಹೀಗೇ. ಮನೆಯ ದೂಳು, ಹಾಸಿಗೆಯಲ್ಲಿರೋ ಕಣ್ಣಿಗೆ ಕಾಣದ ನುಸಿ, ಕಾಂಗ್ರೆಸ್ ಗಿಡದ ಹೂವಿನ ಪುಡಿ, ಇವೆಲ್ಲ ಗುಬ್ಬಿ ಇದ್ದ ಹಾಗೆ. ಎಷ್ಟೋ ಜನಕ್ಕೆ ಇವು ಏನೂ ಮಾಡುವುದಿಲ್ಲ. ಅಲರ್ಜಿ ಇರುವವರ ದೇಹ ಮಾತ್ರ ಇವನ್ನೇ ಶತ್ರು ಅಂತ ತಿಳಿಯುತ್ತದೆ. ಕೊಳವೆಯ ಒಳಗೆ ಊದುತ್ತದೆ. ಕಫ ತುಂಬುತ್ತದೆ. ದಾರಿ ಕಿರಿದಾಗುತ್ತದೆ.

ಆಗ ನೆಗಡಿಯ ವೈರಸ್ ಬಂದರೆ? ಸಾಮಾನ್ಯವಾಗಿ ದೇಹ ಕೂಡಲೇ ಒಂದು ರಸ ಬಿಡುತ್ತದೆ. ಅದು ವೈರಸ್ ಬೆಳೆಯದಂತೆ ತಡೆಯುತ್ತದೆ. ಅಲರ್ಜಿ ಉಬ್ಬಸ ಇರುವ ಹಲವರಲ್ಲಿ ಈ ರಸ ತಡವಾಗಿ ಬರುತ್ತದೆ, ಕಡಿಮೆ ಬರುತ್ತದೆ. ಗಟ್ಟಿ ಕಫ ಕಟ್ಟಿದ್ದರಿಂದ ರೋಗಾಣು ಹೊರಗೆ ಹೋಗುವುದೂ ಕಷ್ಟ. ಊತ ಇನ್ನೂ ಹೆಚ್ಚುತ್ತದೆ. ಅದಕ್ಕೇ ನೆಗಡಿ ಬಂದರೆ ದಮ್ಮು ಏಳುತ್ತದೆ. ಕೆಲವರಿಗೆ ನ್ಯುಮೋನಿಯಾ ಕೂಡ ಆಗಬಹುದು.

ಹಾಗಾದರೆ ಏನು ಮಾಡೋಣ? ಊತ ಇಳಿಸಬೇಕು. ಅದಕ್ಕೆ ಬಾಯಿಂದ ಎಳೆದುಕೊಳ್ಳುವ ಔಷಧ ಇದೆ. ಇದೇ ಇನ್‌ಹೇಲರ್. ‘ಅದು ಚಟ ಆಗುತ್ತೆ’ ಅಂತ ಹೆದರ್ತೀವಿ. ಚಟ ಆಗುವುದಿಲ್ಲ. ಸ್ವಲ್ಪ ಔಷಧ ನೇರ ಎದೆಗೇ ಹೋಗುತ್ತದೆ. ಊತ ಇಳಿಸುವ ಔಷಧವನ್ನು ಡಾಕ್ಟರು ದಿನಾ ಎಳೆಯಲು ಹೇಳಿದ್ದರೆ, ಆರಾಮಾಯ್ತು ಅಂತ ಬಿಡಬಾರದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಹುಣ್ಣಾಗಬಹುದು.

ಹೆಸರಿಲ್ಲದ ಪುಡಿ, ಗುಳಿಗೆ ನಂಬಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ತಿಂಗಳುಗಟ್ಟಲೆ ನುಂಗಿದರೆ ರೋಗಾಣು ತಡೆಯುವ ಶಕ್ತಿಯೇ ಕುಗ್ಗುತ್ತದೆ. ಈಗಾಗಲೇ ನುಂಗುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ. ಡಾಕ್ಟರಿಗೆ ತೋರಿಸಿ. ಬರೀ ನೆಗಡಿಗೆ ಆಂಟಿಬಯೋಟಿಕ್ ಗುಳಿಗೆಯೂ ಬೇಡ. ಅದು ವೈರಸ್ಸನ್ನು ಕೊಲ್ಲುವುದಿಲ್ಲ.

ಒಲೆಯ ಹೊಗೆ, ಬೀಡಿ ಹೊಗೆ ಊತ ಹೆಚ್ಚಿಸುತ್ತವೆ. ಸೌದೆ ಒಲೆಯಾದರೆ ಕಿಟಕಿ ತೆರೆಯಿರಿ. ಬೀಡಿ ಸೇದೋರನ್ನು ಹೊರಗೆ ಕಳಿಸಿ. ಕಸ ಗುಡಿಸುವಾಗ, ಕಾಳು ತೂರುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಹಾಸಿಗೆ ಹೊದಿಕೆ ಬಿಸಿಲಿಗೆ ಹಾಕಿ.

ಇನ್ನೊಂದು ಮಾತು. ಎಲ್ಲಾ ಕೆಮ್ಮೂ ದಮ್ಮಲ್ಲ. ಕೆಮ್ಮು 2 ವಾರ ದಾಟಿದರೆ, ಸಂಜೆ ಜ್ವರ ಬಂದರೆ, ತೂಕ ಇಳಿದರೆ, ಕಫದಲ್ಲಿ ರಕ್ತ ಕಂಡರೆ, ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯ ಇರಬಹುದು. ಉಬ್ಬಸ ಅಂಟುವ ರೋಗ ಅಲ್ಲ. ಶ್ವಾಸಕೋಶದ ಕ್ಷಯ ಅಂಟುತ್ತದೆ. ಪರೀಕ್ಷೆಗೂ ಔಷಧಕ್ಕೂ ಅಲ್ಲಿ ದುಡ್ಡು ಕೊಡಬೇಕಿಲ್ಲ.

ಒಂದು ಮಾತು ಪೂರ್ತಿ ಆಡಲಾಗದಷ್ಟು ಏದುಸಿರು, ಪಕ್ಕೆ ಒಳಕ್ಕೆ ಸೆಳೆಯುವುದು, ತುಟಿ ನೀಲಿ ಆಗುವುದು, ಇವು ಅಪಾಯದ ಗುರುತು. ‘ಅಡಿಗೆ ಆಗಲಿ, ಗಂಡಸರು ಬರಲಿ’ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ನಾವೀಗ ಓದು ಬರಹ ಕಲಿತಿದ್ದೇವೆ. ಅದು ಇಲ್ಲಿ ಉಪಯೋಗಕ್ಕೆ ಬರಲಿ. ಯಾವ ಔಷಧ ದಿನಾ, ಯಾವುದು ದಮ್ಮು ಎದ್ದಾಗ, ಡಾಕ್ಟರನ್ನೇ ಕೇಳೋಣ. ಕನ್ನಡದಲ್ಲಿ ಚೀಟಿ ಬರೆದು ಔಷಧಕ್ಕೆ ಅಂಟಿಸೋಣ. ನಮ್ಮ ಕೈಬರಹವೇ ನಮ್ಮ ಉಸಿರು ಕಾಯಲಿ.