ಬಚ್ಚಲ ಪೈಪಿನೊಳಗೆ ಏನು ಹುಟ್ಟುತ್ತದೆ?

ಕೊಯಮತ್ತೂರಿನ ಬಹಳಷ್ಟು ಮನೆಗಳಲ್ಲಿ ಎರಡು ಬಗೆಯ ನೀರು ಬಳಸುತ್ತಾರೆ. ಒಂದು, ಪಶ್ಚಿಮದ ಬೆಟ್ಟಗಳಾಚೆಯ ಸಿರುವಾಣಿ ಅಣೆಕಟ್ಟಿನಿಂದಲೋ ಭವಾನಿ ನದಿಯ ಪಿಲ್ಲೂರಿನಿಂದಲೋ ಬರುವ ಕುಡಿಯುವ ನೀರು. ಇನ್ನೊಂದು, ಬೋರ್‌ವೆಲ್ಲಿನ ‘ಉಪ್ಪು ನೀರು’. ಬಟ್ಟೆ, ಪಾತ್ರೆ, ಬಚ್ಚಲಿಗೆಲ್ಲ ಇದೇ. ತಲೆಮಾರುಗಳಿಂದ ಈ ಸೀಮೆಯಲ್ಲಿ ನೆಲೆಸಿ ಮನೆಯಲ್ಲಿ ಕನ್ನಡವನ್ನೇ ಆಡುವ ದೇವಾಂಗ ನೇಕಾರರ ಮಕ್ಕಳಿಗೆ ಈ ಎರಡೂ ನೀರು ಚೆನ್ನಾಗಿ ಗೊತ್ತು. ಬಚ್ಚಲು ಯಾಕೆ ಕಟ್ಟಿಕೊಳ್ಳುತ್ತದೆ ಅನ್ನುವುದನ್ನು ತಿಳಿಯಲು ನಾವು ಇಲ್ಲಿಂದಲೇ ಹೊರಡೋಣ.

ಮಕ್ಕಳೇ, ಮುಚ್ಚಳವಿರುವ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಅರ್ಧದಷ್ಟು ಕುಡಿಯುವ ನೀರು, ಇನ್ನೊಂದರಲ್ಲಿ ಅಷ್ಟೇ ಬೋರ್‌ವೆಲ್ ನೀರು ತುಂಬಿ. ಮೈಸೋಪನ್ನು ಚೂರು ಕೆರೆದು ಎರಡಕ್ಕೂ ಸಮನಾಗಿ ಹಾಕಿ. ಶಾಂಪೂ ಬೇಡ, ಬಟ್ಟೆಯ ಪುಡಿಯೂ ಬೇಡ; ಅವನ್ನು ಬೇರೆ ರೀತಿ ತಯಾರಿಸಿರುತ್ತಾರೆ. ಈಗ ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಸಿರುವಾಣಿ ನೀರಿನಲ್ಲಿ ನೊರೆ ಬಾಯಿವರೆಗೆ ಏಳುತ್ತದೆ. ಬೋರ್‌ವೆಲ್ ನೀರಿನಲ್ಲಿ ನೊರೆ ಏಳಲು ತಿಣುಕುತ್ತದೆ. ನೀರು ಮಬ್ಬಾಗಿ, ಮೇಲೆ ಒಡೆದ ಹಾಲಿನಂಥ ಬಿಳಿ ವಸ್ತು ತೇಲುತ್ತದೆ. ಬೆರಳಲ್ಲಿ ಮುಟ್ಟಿ ನೋಡಿ, ಜಿಗುಟಾಗಿರುತ್ತದೆ.

ಆ ಬಿಳಿ ವಸ್ತು ನೀವು ಹಾಕಿದ ಸೋಪಿನಲ್ಲಿ ಇರಲಿಲ್ಲ, ನೀರಿನಲ್ಲೂ ಇರಲಿಲ್ಲ. ಎರಡೂ ಸೇರಿದಾಗ ಹೊಸದಾಗಿ ಹುಟ್ಟಿತು. ನೆಲದಡಿಯ ನೀರು ವರ್ಷಗಟ್ಟಲೆ ಕಲ್ಲಿನ ಸಂದಿಗಳಲ್ಲಿ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡಿರುತ್ತದೆ. ಕೊಯಮತ್ತೂರಿನ ಪಕ್ಕದ ಮದುಕ್ಕರೈನಲ್ಲಿ ಸಿಮೆಂಟಿಗಾಗಿ ಅಗೆಯುವಷ್ಟು ಸುಣ್ಣಕಲ್ಲೇ ಇದೆ. ಕಾಡಿನ ಮೇಲೆ ಸುರಿದು ಬೇಗನೆ ಅಣೆಕಟ್ಟು ಸೇರುವ ಮಳೆನೀರಿಗೆ ಕಲ್ಲಿನ ಒಡನಾಟ ಕಡಿಮೆ. ಅದಕ್ಕೇ ಅಣೆಕಟ್ಟಿನದು ಮೆದು ನೀರು, ಬೋರ್‌ವೆಲ್ಲಿನದು ಗಡಸು ನೀರು. ಸೋಪಿನ ಕಣಕ್ಕೆ ಉದ್ದನೆಯ ಕೊಬ್ಬಿನ ಬಾಲವಿರುತ್ತದೆ. ಕ್ಯಾಲ್ಸಿಯಂಗೆ ಎರಡು ಕೈ ಇದ್ದಂತೆ. ಒಂದೊಂದು ಕೈಯಲ್ಲೂ ಒಂದೊಂದು ಸೋಪಿನ ಕಣವನ್ನು ಹಿಡಿದುಬಿಡುತ್ತದೆ. ಹೀಗೆ ಕಟ್ಟಿಬಿದ್ದ ಸೋಪು ನೀರಿನಲ್ಲಿ ಕರಗದು.

ಪೈಪಿನ ಒಳಗೂ ನಡೆಯುವುದು ಇದೇ. ನಾವು ಸುರಿದದ್ದು ಬರೀ ನೀರು, ಬರೀ ಸೋಪು ಎಂದುಕೊಂಡಿರುತ್ತೇವೆ. ಒಳಗೆ ದಿನವೂ ಚೂರುಚೂರಾಗಿ ಈ ಜಿಗುಟು ಹುಟ್ಟಿ ಗೋಡೆಗೆ ಅಂಟುತ್ತದೆ. ತಲೆಗೂದಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಕೂದಲು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು, ಸುಲಭಕ್ಕೆ ಕೊಳೆಯುವುದಿಲ್ಲ. ತಿರುಪ್ಪೂರಿನ ಹೊಸ ಬನಿಯನ್ನುಗಳನ್ನು ಒಗೆದಾಗ ಬಿಡುವ ಹತ್ತಿಯ ಎಳೆಗಳೂ ಬಂದು ಸೇರುತ್ತವೆ.

ಅಡುಗೆಮನೆಯ ಕತೆ ಬೇರೆ. ಪೊಳ್ಳಾಚಿ ತೆಂಗಿನ ಸೀಮೆ, ಕೊಬ್ಬರಿ ಎಣ್ಣೆಗೆ ಬರವಿಲ್ಲ. ಈ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಾರ್ಗಶಿರದ ಬೆಳಗಿನಲ್ಲಿ ಬಾಟಲಿಯ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ಲ? ಸಿಂಕಿಗೆ ಸುರಿದ ಎಣ್ಣೆಯೂ ತಣ್ಣನೆಯ ಪೈಪಿನಲ್ಲಿ ಹಾಗೆಯೇ ಕೂರುತ್ತದೆ. ಬಿಸಿನೀರು ಹೊಯ್ದರೆ ಕರಗುವುದು ನಿಜ. ಆದರೆ ಮುಂದೆ ಹೋಗಿ, ಕೈಗೆಟುಕದ ಜಾಗದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಕುದಿಯುವ ನೀರಿಗೆ ಪ್ಲಾಸ್ಟಿಕ್ ಪೈಪು ಮೆತ್ತಗಾಗುವ ಅಪಾಯವೂ ಇದೆ. ಇನ್ನು ಅನ್ನದ ಗಂಜಿ. ಮಗ್ಗದ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ನೂಲಿಗೆ ಹಚ್ಚಿದ ಗಂಜಿ ಒಣಗಿ ಎಳೆಯನ್ನು ಬಿರುಸಾಗಿಸುತ್ತದೆ. ಪೈಪಿನ ಗೋಡೆಗೂ ಅದರ ಅಂಟು ಅಷ್ಟೇ.

ಸಿಂಕಿನ ಕೆಳಗೆ ಬಗ್ಗಿ ನೋಡಿದರೆ ಪೈಪು ಒಂದು ಕಡೆ ಕೆಳಗೆ ಬಾಗಿ ಮತ್ತೆ ಮೇಲೇರುವುದು ಕಾಣುತ್ತದೆ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಮೋರಿಯ ದುರ್ವಾಸನೆ ಮನೆಯೊಳಗೆ ಬರದಂತೆ ತಡೆಯುವುದು ಆ ನೀರೇ. ಕಕ್ಕಸಿಗೆ ಇಂಥ ಬಾಗಿದ ಪೈಪು ಜೋಡಿಸಿ 1775ರಲ್ಲಿ ಪೇಟೆಂಟ್ ಪಡೆದವರು ಲಂಡನ್ನಿನ ಅಲೆಕ್ಸಾಂಡರ್ ಕಮ್ಮಿಂಗ್. ಅವರು ಗಡಿಯಾರ ತಯಾರಕರು! ಇಷ್ಟು ಸರಳವಾದ, ಇಷ್ಟು ಜನರ ಆರೋಗ್ಯ ಕಾಯ್ದ ಉಪಾಯ ಇನ್ನೊಂದಿದೆಯೋ ಇಲ್ಲವೋ. ಕಸ ಮೊದಲು ಕೂರುವುದೂ ಆ ಬಾಗಿನಲ್ಲಿಯೇ. ಅಡಿಗೆ ಬಕೆಟ್ ಇಟ್ಟು ದೊಡ್ಡವರು ಅದನ್ನು ತಿರುಗಿಸಿ ಬಿಚ್ಚಿ ತೊಳೆಯಬಹುದು.

ಕಟ್ಟಿಕೊಂಡಾಗ ಮೊದಲು ಬಳಸಬೇಕಾದ್ದು ರಬ್ಬರ್ ಬಟ್ಟಲಿರುವ ಕೋಲು. ಬಟ್ಟಲು ಮುಳುಗುವಷ್ಟು ನೀರು ನಿಲ್ಲಿಸಿ ಒತ್ತಿ, ಎಳೆಯಿರಿ. ನೀರನ್ನು ಹಿಚುಕಿ ಚಿಕ್ಕದು ಮಾಡಲಾಗದು, ಆದ್ದರಿಂದ ನಿಮ್ಮ ಕೈಯ ಬಲ ನೇರವಾಗಿ ಅಡ್ಡಿಯವರೆಗೆ ತಲುಪುತ್ತದೆ. ಗಾಳಿ ಇದ್ದರೆ ಅರ್ಧ ಬಲ ಗಾಳಿಯನ್ನು ಹಿಚುಕುವುದರಲ್ಲೇ ಕಳೆದುಹೋಗುತ್ತದೆ. ಒತ್ತುವಷ್ಟೇ ಎಳೆಯುವುದೂ ಮುಖ್ಯ. ಹಿಂದೆ ಮುಂದೆ ಅಲುಗಿದಾಗಲೇ ಗಂಟು ಸಡಿಲವಾಗುವುದು. ಅಡುಗೆ ಸೋಡಾ, ವಿನೆಗರ್ ಸುರಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡಲು ಚೆಂದ. ಆದರೆ ಅದು ಬರೀ ಇಂಗಾಲದ ಡೈಆಕ್ಸೈಡ್. ಆಮ್ಲ, ಕ್ಷಾರ ಒಂದನ್ನೊಂದು ತಣಿಸಿಬಿಟ್ಟ ಮೇಲೆ ಜಿಡ್ಡು ಬಿಡಿಸುವ ಕಸುವು ಹೆಚ್ಚು ಉಳಿಯದು. ನಲ್ಲಿಯ ಬಿಳಿ ಸುಣ್ಣದ ಕಲೆಗಾದರೆ ವಿನೆಗರ್ ಒಂದೇ ಸಾಕು. ಅಂಗಡಿಯ ಕಾಸ್ಟಿಕ್ ಸೋಡಾ ಪುಡಿ, ಆಸಿಡ್‌ಗಳನ್ನು ಮಾತ್ರ ನೀವು ಮುಟ್ಟಲೇಬೇಡಿ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ.

ನಮ್ಮ ಮನೆಯ ಅಡ್ಡಿ ತೆರವಾಯಿತು ಅಂದರೆ ಜಿಡ್ಡು ಬೀದಿಗೆ ಹೋಯಿತು ಎಂದರ್ಥ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಕೊಬ್ಬಿನ ಗಡ್ಡೆ ಸಿಕ್ಕಿತು. ಮೋರಿಗಳ ಇಂಥ ಗಡ್ಡೆಗಳಲ್ಲಿ ವಿಜ್ಞಾನಿಗಳು ಕಂಡದ್ದು ನಿಮ್ಮ ಬಾಟಲಿಯ ಅದೇ ಕ್ಯಾಲ್ಸಿಯಂ ಸೋಪನ್ನು. ನಮ್ಮ ದೇಶದಲ್ಲಿ ಅಂಥ ಗಡ್ಡೆ ತೆಗೆಯಲು ಮನುಷ್ಯರನ್ನೇ ಗುಂಡಿಗೆ ಇಳಿಸುತ್ತಾ ಬಂದರು. ಅಲ್ಲಿ ಗಾಳಿಯಿಲ್ಲದೆ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಅನಿಲ ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ, ಮುಂದೆ ಪ್ರಾಣವೇ ಹೋಗುತ್ತದೆ. ರಕ್ಷಣೆಯಿಲ್ಲದೆ ಯಾರನ್ನೂ ಹಾಗೆ ಇಳಿಸಬಾರದೆಂದು 2013ರಲ್ಲಿ ಕಾನೂನು ಬಂತು. ಇದಕ್ಕಾಗಿ ಹೋರಾಡಿದ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಕರ್ನಾಟಕದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದವರು. ಕಾನೂನಿದ್ದೂ ಸಾವುಗಳು ನಿಂತಿಲ್ಲ.

ಹಾಗಾದರೆ ಜಿಡ್ಡು ಪೈಪಿಗೆ ಇಳಿಯುವ ಮೊದಲೇ ಹಿಡಿಯೋಣ. ಎಣ್ಣೆ ಬಾಣಲೆಯನ್ನು ತೊಳೆಯುವ ಮುನ್ನ ಹಳೆಯ ಕಾಗದದಿಂದ ಒರೆಸಿ ಕಸಕ್ಕೆ ಹಾಕಿ. ಗಂಜಿ ಹಸುವಿಗೆ ಹೋಗಲಿ. ಬಚ್ಚಲ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಇಟ್ಟು, ಸ್ನಾನವಾದ ಕೂಡಲೇ ಕೂದಲು ತೆಗೆಯಿರಿ. ಒಣಗಿದ ಮೇಲೆ ಅದು ಬಿಡುವುದಿಲ್ಲ. ತಮಿಳರ ಐಪ್ಪಸಿ ತಿಂಗಳ (ಅಕ್ಟೋಬರ್–ನವೆಂಬರ್) ಮಳೆ ಬಂದಾಗ ಪಾತ್ರೆಯಿಟ್ಟು ಮಳೆನೀರು ಹಿಡಿದು ಮೂರನೆಯ ಬಾಟಲಿ ತುಂಬಿ, ಅಷ್ಟೇ ಸೋಪು ಹಾಕಿ ಕುಲುಕಿ. ನೊರೆಯ ಎತ್ತರವನ್ನು ಸ್ಕೇಲಿನಿಂದ ಅಳೆದು ನೋಡಿ: ಸಿರುವಾಣಿಗಿಂತ ಹೆಚ್ಚೋ, ಕಡಿಮೆಯೋ?